ಎರಡು ಬಗೆಯ ಕಲ್ಲು

ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ‘ಜ್ಞಾನೋಕ್ತಿಗಳು’ ಎಂಬ ಗ್ರಂಥವೊಂದಿದೆ. ಅಧ್ಯಾಯಗಳು 31. ತಾರೀಖಿಗೆ ಒಂದರಂತೆ ಓದಿ ಮುಗಿಸಿ, ಹೊಸ ತಿಂಗಳಿಗೆ ಮತ್ತೆ ಮೊದಲಿನಿಂದ ತೊಡಗುವುದು ಅನೇಕರ ರೂಢಿ. ಕ್ರೈಸ್ತನಲ್ಲದ ನಾನು ಈ ರೂಢಿಗೆ ಬಿದ್ದದ್ದು ಗಾದೆಗಳ ಮೇಲಿನ ಆಸೆಯಿಂದ.

ಸಾಹಿತ್ಯದ ದೃಷ್ಟಿಯಿಂದ ಇದರ ನಡುಭಾಗ ಅಸ್ತವ್ಯಸ್ತವೆಂದೇ ಹೇಳಬೇಕು. ಒಂದೆಡೆ ಸೋಮಾರಿ, ಇನ್ನೊಂದೆಡೆ ಅರಸ, ಅಷ್ಟರಲ್ಲೇ ಜಗಳಗಂಟಿ ಹೆಂಡತಿ. ಹೇಳಿದ್ದನ್ನೇ ಹೇಳುವುದೂ ಉಂಟು. 11ನೆಯ ಅಧ್ಯಾಯ ತೆರೆಯುವುದೇ ಮೋಸದ ತಕ್ಕಡಿಯಿಂದ. 16ರಲ್ಲಿ ಮತ್ತೆ ತಕ್ಕಡಿ. 20ರಲ್ಲಂತೂ ಇಬ್ಬಗೆಯ ತೂಕದ ಮಾತು ಎರಡು ಸಲ. ಹೀಬ್ರೂ ಮೂಲದಲ್ಲಿ ಆ ತೂಕಕ್ಕೆ ‘ಕಲ್ಲು’ ಎಂದೇ ಹೆಸರು. ನಮ್ಮ ಅಂಗಡಿಗಳ ತೂಕದ ಕಲ್ಲು ನೆನಪಾಗದಿರದು. ಈ ಪುನರುಕ್ತಿಯನ್ನು ಸಂಗ್ರಹಕಾರರ ಅಜಾಗರೂಕತೆಯೆಂದೇ ಬಹುಕಾಲ ಎಣಿಸಿದ್ದೆ.

ಹೋದ ತಿಂಗಳ 20ನೆಯ ತಾರೀಖು ನನ್ನ ಮೇಜಿನ ಮೇಲೆ ನಾನೇ ಬರೆದ ಎರಡು ವಿಮರ್ಶೆಗಳಿದ್ದವು. ಗೆಳೆಯರೊಬ್ಬರ ಕಾದಂಬರಿಯ ಸಡಿಲ ಬಂಧವನ್ನು ‘ಸಹಜವಾದ ಓಟ’ ಎಂದು ಕರೆದಿದ್ದೆ. ಅಪರಿಚಿತ ತರುಣನೊಬ್ಬನ ಕಾದಂಬರಿಯಲ್ಲಿ ಅದೇ ದೋಷ ‘ಶಿಲ್ಪದ ಅಜ್ಞಾನ’ವಾಗಿತ್ತು. ಬರೆಯುವಾಗ ಎರಡೂ ಪ್ರಾಮಾಣಿಕವಾಗಿಯೇ ತೋರಿದ್ದವು! ಅಂದಿನ ಅಧ್ಯಾಯದಲ್ಲಿ ಮೊದಲ ಸಲ ಕಲ್ಲು ಬಂದಾಗ ನಮ್ಮ ಬೀದಿಯ ಕಿರಾಣಿ ಅಂಗಡಿಯವನನ್ನು ನೆನೆದು ನಕ್ಕೆ. ಹದಿಮೂರು ವಚನಗಳಾಚೆ ಅದೇ ಕಲ್ಲು ತಿರುಗಿ ಬಂದಾಗ ನಗು ಬರಲಿಲ್ಲ.

ಒಂದೇ ಸಲ ಹೇಳಿದರೆ ಪಕ್ಕದವನ ತಲೆಗೆ ಕಟ್ಟಿಬಿಡುವ ನನ್ನಂಥ ಓದುಗರನ್ನು ಆ ಸಂಗ್ರಹಕಾರರು ಬಲ್ಲವರಾಗಿದ್ದರೆಂದು ತೋರುತ್ತದೆ. ತರುಣನ ವಿಮರ್ಶೆಯನ್ನು ತಿದ್ದಿದೆ. ಗೆಳೆಯರದು ಮಾತ್ರ ಇದ್ದ ಹಾಗೆಯೇ ಅಚ್ಚಿಗೆ ಹೋಯಿತು.

ನಾಳೆ 11ನೆಯ ತಾರೀಖು.