ಕರೆ ಹೋದದ್ದು ಯಾರಿಗೆ?

ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಶುರುಮಾಡಿದ ‘ಮೇರಾ ಅಸ್ಪತಾಲ್’ ಕೆಲಸ ಮಾಡುವ ಬಗೆ ಸರಳ. ಆಸ್ಪತ್ರೆಯ ಕೌಂಟರಿನಲ್ಲಿ ಹೆಸರು ಬರೆಸುವಾಗ ರೋಗಿ ಮೊಬೈಲ್ ನಂಬರ್ ಕೊಡುತ್ತಾರೆ. ಆಮೇಲೆ ಎಸ್‌ಎಂಎಸ್ಸೋ ಧ್ವನಿಮುದ್ರಿತ ಕರೆಯೋ ಬರುತ್ತದೆ: ತೃಪ್ತಿಯಾಯಿತೇ, ಇಲ್ಲವೇ? ಇಲ್ಲವೆಂದರೆ ಕಾರಣ ಆರಿಸಬೇಕು. ಸಿಬ್ಬಂದಿಯ ನಡವಳಿಕೆ, ಶುಚಿತ್ವ, ಖರ್ಚು, ಚಿಕಿತ್ಸೆಯ ಗುಣಮಟ್ಟ ಎಂಬಂಥ ನಾಲ್ಕಾರು ಬಾಬತ್ತುಗಳು ಅಲ್ಲಿ ಸಿದ್ಧವಾಗಿವೆ. ಆ್ಯಪ್, ವೆಬ್‌ಸೈಟುಗಳ ದಾರಿಯೂ ಉಂಟು. ಕೀಲಿ ಯಾರ ಹತ್ತಿರ ಇದೆಯೆಂದೇ ಗೊತ್ತಾಗದ ಹಳೇ ಸಲಹಾ ಪೆಟ್ಟಿಗೆಗಿಂತ ಇದು ಎಷ್ಟೋ ಮೇಲು.

ಆದರೆ ಇದು ರೂಪುಗೊಂಡದ್ದು ದೊಡ್ಡ ಆಸ್ಪತ್ರೆಯ ಉದ್ದನೆಯ ಸಾಲನ್ನು ಕಣ್ಣಮುಂದಿಟ್ಟುಕೊಂಡು. ಸೀತಾನದಿಯ ಬದಿಯ ಕೊಕ್ಕರ್ಣೆಯಂಥ ಊರಿಗೆ ಇದನ್ನು ತಂದು ನೋಡಿದರೆ ಹೊಲಿಗೆ ಬಿಚ್ಚತೊಡಗುತ್ತದೆ. ಬ್ರಹ್ಮಾವರ, ಕುಂದಾಪುರ, ಬೈಂದೂರು ಕಡೆಯ ಎಷ್ಟೋ ಮನೆಗಳಲ್ಲಿ ಉಳಿದಿರುವವರು ವಯಸ್ಸಾದವರು. ಮಗ ಮುಂಬೈ ಹೋಟೆಲಿನಲ್ಲಿ, ಮಗಳು ಬೆಂಗಳೂರಿನಲ್ಲಿ. ಸಕ್ಕರೆ ಕಾಯಿಲೆಯ ಮಾತ್ರೆಗೆ ಬಂದ ಅಜ್ಜಿ, ನಂಬರ್ ಕೇಳಿದೊಡನೆ ಎಲೆಯಡಿಕೆ ಸಂಚಿಯೊಳಗಿಂದ ಮಡಿಕೆ ಮಡಿಕೆಯಲ್ಲೂ ಹರಿದ ಚೀಟಿಯೊಂದನ್ನು ಚಾಚುತ್ತಾಳೆ. ಬಾಲ್ ಪೆನ್ನಿನ ಹತ್ತು ಅಂಕಿ, ಮಗನದು. ತೃಪ್ತಿಯ ಪ್ರಶ್ನೆ ಹೋಗಿ ಬೀಳುವುದು ಮುಂಬೈಯ ಕ್ಯಾಶ್ ಕೌಂಟರಿನ ಮೇಲೆ, ಅದೂ ಊಟದ ಹೊತ್ತಿಗೆ. ಅವನು ಕರೆ ಕತ್ತರಿಸುತ್ತಾನೆ. ‘ಡಿಜಿಟಲ್ ಅರೆಸ್ಟ್’ ಎಂದು ದುಡ್ಡು ದೋಚುವ ಕಾಲದಲ್ಲಿ ಗುರುತಿಲ್ಲದ ನಂಬರಿನ ಯಂತ್ರದ ದನಿಗೆ ಯಾರು ಉತ್ತರ ಕೊಡುತ್ತಾರೆ ಮಾರಾಯ್ರೆ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ತಾವೇ ಬಳಸುವ ಮೊಬೈಲ್ ಇದ್ದ ಮಹಿಳೆಯರು ಶೇ 54 ಮಾತ್ರ. ಸರಕಾರಿ ಆರೋಗ್ಯ ಕೇಂದ್ರದ ಮೆಟ್ಟಿಲು ಹೆಚ್ಚು ಹತ್ತುವವರೂ ಮಹಿಳೆಯರೇ.

ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಕರೆ ಹೋಗುವುದು ದಾಖಲಾದವರಿಗೆ. ಬಸ್ಸಿಳಿದು ಬಂದು, ಡಾಕ್ಟರು ಮೀಟಿಂಗಿಗೆ ಹೋಗಿದ್ದಾರೆಂದು ಕೇಳಿ ಹಾಗೆಯೇ ಹಿಂದೆ ಹೋದವರ ಹೆಸರು ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ. ರಾತ್ರಿ ಹಾವು ಕಚ್ಚಿದಾಗ ನೇರ ಉಡುಪಿಗೆ ಕಾರು ಓಡಿಸಿದವರದ್ದೂ ಇಲ್ಲ. ಸೇವೆ ಸಿಕ್ಕಿದವರನ್ನಷ್ಟೇ ಕೇಳಿ ಸೇವೆಗೆ ಅಂಕ ಕೊಡುವ ಈ ಪದ್ಧತಿಯಲ್ಲಿ, ಬಾಗಿಲು ಮುಚ್ಚಿದಷ್ಟೂ ಅತೃಪ್ತರ ಸಂಖ್ಯೆ ಕಡಿಮೆಯಾಗುತ್ತದೆ! ಪರದೆಯ ಮೇಲೆ ತೃಪ್ತಿ ತೋರಿಸುವ ಹಸಿರು ಬಣ್ಣವನ್ನು ನಾನು ನಂಬದಿರುವುದು ಈ ಕಾರಣಕ್ಕೆ.

ಹೆಸರು ಗುಟ್ಟಾಗಿರುತ್ತದೆ ಎಂಬ ಭರವಸೆಯೂ ಸಣ್ಣ ಊರಿನಲ್ಲಿ ನಿಲ್ಲುವುದಿಲ್ಲ. ಜಿಲ್ಲಾಸ್ಪತ್ರೆಯಲ್ಲಿ ‘ಸಿಬ್ಬಂದಿ’ ಎಂದರೆ ಒಂದು ಗುಂಪು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದು ಒಬ್ಬ ನರ್ಸು, ಒಬ್ಬ ಫಾರ್ಮಸಿಸ್ಟ್. ನಾಳೆ ಮಗುವಿನ ಚುಚ್ಚುಮದ್ದಿಗೆ ಅವರೆದುರೇ ನಿಲ್ಲಬೇಕು. ಮೊನ್ನೆ ಬಂದು ಗೊಣಗಿದ್ದು ಯಾರೆಂದು ಊಹಿಸಲು ಕಂಪ್ಯೂಟರ್ ಬೇಡ.

ಹಾಗಾದರೆ ಫೋನು ದಂಡವೇ? ಅಲ್ಲ. ಪಾಕಿಸ್ತಾನದ ಪಂಜಾಬಿನ ಝಂಗ್ ಜಿಲ್ಲೆಯಲ್ಲಿ 2008ರಲ್ಲಿ ಜುಬೇರ್ ಭಟ್ಟಿ ಎಂಬ ಅಧಿಕಾರಿ, ಕಚೇರಿಗೆ ಬಂದುಹೋದವರ ನಂಬರುಗಳ ಪಟ್ಟಿ ತರಿಸಿ, ಕೆಲವರಿಗೆ ತಾವೇ ಕರೆಮಾಡಿ ಲಂಚ ಕೇಳಿದರಾ ಎಂದು ವಿಚಾರಿಸತೊಡಗಿದರು. ಅಲ್ಲಿ ಆ್ಯಪ್ ಇರಲಿಲ್ಲ, ಯಾರಿಗೆ ಕರೆ ಹೋಗುತ್ತದೋ ಎಂಬ ಅಳುಕು ಗುಮಾಸ್ತರಿಗಿತ್ತು. ಕೇಳಿದವರ ಕೈಯಲ್ಲಿ ಅಧಿಕಾರವೂ ಇತ್ತು. ನಮ್ಮಲ್ಲೇ, 1994ರ ಹೊತ್ತಿಗೆ ಸ್ಯಾಮ್ಯುಯೆಲ್ ಪಾಲ್ ಬೆಂಗಳೂರಿನ ಸಾರ್ವಜನಿಕ ಸಂಸ್ಥೆಗಳಿಗೆ ನಾಗರಿಕರಿಂದಲೇ ಅಂಕಪಟ್ಟಿ ಬರೆಸಿದಾಗ, ಸಂಸ್ಥೆಗಳ ಹೆಸರು ಹೇಳಿಯೇ ಫಲಿತಾಂಶ ಪ್ರಕಟವಾಯಿತು. ನಾಚಿಕೆಯಾಗಬೇಕಾದವರಿಗೆ ನಾಚಿಕೆಯಾಗಲು ಅಷ್ಟು ಬೇಕು. ಕರ್ನಾಟಕದ 104 ಸಹಾಯವಾಣಿಯಲ್ಲಿ ಆಚೆ ಕಡೆ ಕನ್ನಡ ಬಲ್ಲ ಮನುಷ್ಯರಿದ್ದರೆಂಬುದೂ ಸಣ್ಣ ಸಂಗತಿಯಲ್ಲ. ಮಾತು ಅಡ್ಡದಾರಿ ಹಿಡಿದರೂ ಕೇಳಿಸಿಕೊಳ್ಳುವುದು ಮನುಷ್ಯರಿಗೆ ಸಾಧ್ಯ. ‘ಒಂದನ್ನು ಒತ್ತಿ’ ಎನ್ನುವ ದನಿಗೆ, ಔಷಧಿ ಹೊರಗಿನ ಅಂಗಡಿಯಲ್ಲಿ ಕೊಳ್ಳಬೇಕಾಯಿತು ಆದರೆ ಡಾಕ್ಟರು ಒಳ್ಳೆಯವರು ಎಂದು ಹೇಳುವುದು ಹೇಗೆ?

‘ಮೇರಾ ಅಸ್ಪತಾಲ್’ ಸೋಲುವುದು ಮುಖ್ಯವಾಗಿ ಇಲ್ಲಿ: ಊರಿನಿಂದ ಮೇಲೆ ಹೋದ ಮಾತು ಊರಿಗೆ ತಿರುಗಿ ಬರುವ ಗಟ್ಟಿ ದಾರಿ ಅದರಲ್ಲಿಲ್ಲ. ಆರೋಗ್ಯ ರಕ್ಷಾ ಸಮಿತಿ, ಗ್ರಾಮಸಭೆ ಎರಡೂ ಈಗಾಗಲೇ ಇವೆ. ಬಂದ ದೂರೆಷ್ಟು, ಸರಿಮಾಡಿದ್ದೆಷ್ಟು ಎಂಬ ಒಂದು ಹಾಳೆ ಅಲ್ಲಿ ಓದಿಸಿದರೆ ಸಾಕು, ಅದಕ್ಕೆ ಹೊಸ ಆ್ಯಪ್ ಬೇಡ. ತಾಲ್ಲೂಕು ಆರೋಗ್ಯಾಧಿಕಾರಿ ತಿಂಗಳಿಗೆ ಹತ್ತಾರು ಜನರಿಗೆ ತಾವೇ ಕರೆಮಾಡಲಿ, ಬೇಕಾದರೆ ಸಂಜೆ, ಮಗ ಊರಿಗೆ ಫೋನು ಮಾಡುವ ಹೊತ್ತಿಗೆ. ನಂಬರುಗಳನ್ನು ಕೇಂದ್ರದ ಹೊರರೋಗಿ ರಿಜಿಸ್ಟರಿನಿಂದಷ್ಟೇ ಆರಿಸಬಾರದು. ಸುತ್ತಿನ ಊರುಗಳಿಂದ 108 ಆ್ಯಂಬುಲೆನ್ಸ್ ಹತ್ತಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆಗೂ ಮಣಿಪಾಲಕ್ಕೂ ಹೋದವರ ಲೆಕ್ಕ ಇನ್ನೊಂದು ಕಡೆ ಇದ್ದೇ ಇದೆ. ಅರ್ಧ ನಂಬರು ಆ ಪಟ್ಟಿಯಿಂದ ಬರಲಿ.