ಅನುರಾಧದ ಬಳಗದಲ್ಲಿ ಗ್ರಹಶೋಧ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಒಕ್ಕಲುತನದ ಲೆಕ್ಕದಲ್ಲಿ ಅನುರಾಧ ಎಂದರೆ ನವೆಂಬರ್ ಕೊನೆಯ ಹೊತ್ತಿಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎನ್ನುವಂಥ, ಹಿಂಗಾರಿನ ಕಡೆಯ ಮಳೆಗಳಲ್ಲೊಂದು. ಸೂರ್ಯನು ಆ ನಕ್ಷತ್ರದಲ್ಲಿರುವ ದಿನಗಳಿಗೇ ಆ ಹೆಸರು ಸಲ್ಲುವುದರಿಂದ, ಅನುರಾಧ ಮಳೆಯ ಕಾಲದಲ್ಲಿ ಅನುರಾಧ ನಕ್ಷತ್ರವು ಹಗಲಿನ ಬೆಳಕಿನಲ್ಲಿ ಮುಳುಗಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಅದನ್ನು ಕಾಣಬೇಕಾದವರು ಬೇಸಿಗೆಯ ರಾತ್ರಿಗಳಲ್ಲಿ ವೃಶ್ಚಿಕ ರಾಶಿಯ ತಲೆಯ ಕಡೆ ನೋಡಬೇಕು. ಅಲ್ಲಿ ಬಾಗಿದ ಸಾಲಾಗಿ ನಿಂತ ಮೂರು ನೀಲಿ-ಬಿಳಿ ತಾರೆಗಳೇ ಅನುರಾಧ, ಅವುಗಳ ಪೂರ್ವಕ್ಕಿರುವ ಕೆಂಪು ತಾರೆಯೇ ಜ್ಯೇಷ್ಠಾ. ಈ ನಾಲ್ಕೂ ಒಂದೇ ಕುಲಕ್ಕೆ ಸೇರಿದವು. ವೃಶ್ಚಿಕ, ವೃಕ, ಕಿನ್ನರ ಎಂಬ ರಾಶಿಗಳ ಉದ್ದಕ್ಕೂ ಹರಡಿಕೊಂಡಿರುವ, ಸುಮಾರು 400 ಜ್ಯೋತಿರ್ವರ್ಷಗಳ ಆಸುಪಾಸಿನಲ್ಲಿರುವ ಈ ತಾರೆಗಳ ಗುಂಪನ್ನು ಖಗೋಳಜ್ಞರು ವೃಶ್ಚಿಕ-ಕಿನ್ನರ ಬಳಗವೆಂದು ಗುರುತಿಸುತ್ತಾರೆ. ಸೂರ್ಯನ ವಯಸ್ಸು 460 ಕೋಟಿ ವರ್ಷವಾದರೆ ಈ ಬಳಗದ ತಾರೆಗಳದ್ದು ಒಂದರಿಂದ ಎರಡು ಕೋಟಿ ವರ್ಷ ಮಾತ್ರ. ನಕ್ಷತ್ರಗಳ ಮಾನದಲ್ಲಿ ಅವು ಇನ್ನೂ ಎಳೆಯವು, ಆದರೆ ತೂಕದಲ್ಲಿ ಸೂರ್ಯನನ್ನು ಎಷ್ಟೋ ಪಟ್ಟು ಮೀರಿದವೂ ಅವುಗಳಲ್ಲಿವೆ. ದೈತ್ಯ ನಕ್ಷತ್ರಗಳ ಸುತ್ತ ಗ್ರಹಗಳಿರಬಲ್ಲವೇ ಎಂಬ ಪ್ರಶ್ನೆಗೆ ಕಳೆದ ಕೆಲವು ವರ್ಷಗಳಲ್ಲಿ ಅತ್ಯಂತ ಸ್ವಾರಸ್ಯಕರವಾದ ಉತ್ತರ ಬಂದಿರುವುದು ಈ ಬಳಗದಿಂದಲೇ.

ಆ ಪ್ರಶ್ನೆಗೆ ಬಹುಕಾಲ ದೊರೆಯುತ್ತಿದ್ದ ಉತ್ತರ ನಕಾರದ ಕಡೆಗೇ ವಾಲಿತ್ತು. ಅಮೆರಿಕದ ಲಿಕ್ ವೀಕ್ಷಣಾಲಯದಲ್ಲಿ 373 ದೈತ್ಯ ತಾರೆಗಳನ್ನು ವರ್ಷಗಟ್ಟಲೆ ಗಮನಿಸಿ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಗುರುವಿನಂಥ ದೊಡ್ಡ ಗ್ರಹಗಳು ಸಿಗುವ ಪ್ರಮಾಣ ನಕ್ಷತ್ರದ ತೂಕ ಸೂರ್ಯನ ಎರಡು ಪಟ್ಟಿನ ಹತ್ತಿರ ಬರುವ ತನಕ ಏರುತ್ತದೆ, ಅದರಾಚೆಗೆ ಥಟ್ಟನೆ ಇಳಿದು, ಮೂರು ಪಟ್ಟಿಗೆ ಹೋಗುವ ಮೊದಲೇ ಇಲ್ಲವೆನ್ನುವಷ್ಟಾಗುತ್ತದೆ. ಇದಕ್ಕೆ ಕಾರಣ ಹೇಳುವುದು ಕಷ್ಟವಿರಲಿಲ್ಲ. ಗ್ರಹಗಳು ಹುಟ್ಟುವುದು ಎಳೆಯ ನಕ್ಷತ್ರದ ಸುತ್ತ ತಿರುಗುವ ಅನಿಲ ಮತ್ತು ದೂಳಿನ ತಟ್ಟೆಯಲ್ಲಿ. ಮೇಲ್ಮೈ ಉಷ್ಣತೆ 10,000 ಡಿಗ್ರಿಗಿಂತ ಹೆಚ್ಚಿರುವ, ‘ಬಿ ವರ್ಗ’ದವೆಂದು ಕರೆಯಲಾಗುವ ನೀಲಿ ತಾರೆಗಳು ಸೂಸುವ ಪ್ರಖರ ನೇರಳಾತೀತ ಕಿರಣಗಳು ಆ ತಟ್ಟೆಯನ್ನು ಬೇಗನೆ ಆವಿಯಾಗಿಸಿಬಿಡುತ್ತವೆ, ಗ್ರಹ ಕಟ್ಟಿಕೊಳ್ಳಲು ಬೇಕಾದ ಕಾಲಾವಕಾಶವೇ ಉಳಿಯುವುದಿಲ್ಲ ಎಂಬುದು ಆ ವಾದ.

ವಾದ ಸಮಂಜಸವೇ ಆದರೂ ಅದರಲ್ಲೊಂದು ಬಿರುಕಿತ್ತು. ಹುಡುಕುವ ವಿಧಾನವೇ ಇಂಥ ನಕ್ಷತ್ರಗಳಿಗೆ ಒಗ್ಗದಿದ್ದರೆ, ಸಿಗಲಿಲ್ಲವೆಂಬ ಮಾತಿಗೆ ಇಲ್ಲವೆಂಬ ಅರ್ಥ ಬರುವುದಿಲ್ಲ. ಗ್ರಹದ ಸೆಳೆತಕ್ಕೆ ನಕ್ಷತ್ರ ಕೊಂಚ ಹಿಂದೆ-ಮುಂದೆ ಓಲಾಡುವುದನ್ನು ಅದರ ರೋಹಿತದಲ್ಲಿರುವ, ಅಂದರೆ ಬಣ್ಣಗಳಾಗಿ ಬಿಡಿಸಿದ ಬೆಳಕಿನಲ್ಲಿರುವ ಕಪ್ಪು ರೇಖೆಗಳ ಅಲುಗಾಟದಿಂದ ಅಳೆಯುವುದು ಒಂದು ಹಳೆಯ, ನಂಬಿಕೆಯ ವಿಧಾನ. ಬಿ ವರ್ಗದ ತಾರೆಗಳಲ್ಲಿ ಅಂಥ ರೇಖೆಗಳೇ ಕಡಿಮೆ, ಇರುವವೂ ನಕ್ಷತ್ರದ ಬಿರುಸಿನ ಆವರ್ತನೆಯಿಂದ ಅಗಲವಾಗಿ ಹರಡಿ ಮಸುಕಾಗಿರುತ್ತವೆ. ಲಿಕ್ ಸಮೀಕ್ಷೆಯಂಥವು ಆರಿಸಿಕೊಂಡದ್ದು ಮುಪ್ಪಿಗೆ ತಿರುಗಿ ತಣ್ಣಗಾದ, ನಿಧಾನವಾಗಿ ತಿರುಗುವ ದೈತ್ಯಗಳನ್ನು. ಅಲ್ಲಿಯೂ ಈ ವಿಧಾನಕ್ಕೆ ಸಿಗುವುದು ನಕ್ಷತ್ರಕ್ಕೆ ಹತ್ತಿರವಿರುವ ಗ್ರಹಗಳು ಮಾತ್ರ. ಗ್ರಹವು ನಕ್ಷತ್ರದ ಮುಂದೆ ಹಾದುಹೋಗುವಾಗ ಬೆಳಕು ಕುಗ್ಗುವುದನ್ನು ಹಿಡಿಯುವ ಇನ್ನೊಂದು ವಿಧಾನವೂ ದೊಡ್ಡ ನಕ್ಷತ್ರದ ಅಗಲವಾದ ಮುಖದೆದುರು ಸೋಲುತ್ತದೆ. ಉಳಿಯುವುದು ಗ್ರಹದ ಬೆಳಕನ್ನೇ ನೇರವಾಗಿ ಚಿತ್ರದಲ್ಲಿ ಹಿಡಿಯುವ ದಾರಿ, ಮತ್ತು ಅದಕ್ಕೆ ಎಳೆಯ ನಕ್ಷತ್ರಗಳೇ ಬೇಕು. ಹೊಸದಾಗಿ ಹುಟ್ಟಿದ ಗ್ರಹವು ಕುಗ್ಗುತ್ತ ಬಂದಾಗ ಉಂಟಾದ ಕಾವನ್ನು ಇನ್ನೂ ಉಳಿಸಿಕೊಂಡಿದ್ದು ಅವಕೆಂಪು ಬೆಳಕಿನಲ್ಲಿ ತಾನೇ ಹೊಳೆಯುತ್ತಿರುತ್ತದೆ. ಕೋಟ್ಯಂತರ ವರ್ಷ ಕಳೆದ ಮೇಲೆ ಆ ಹೊಳಪು ಆರಿಹೋಗುತ್ತದೆ.

ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ಮಾರ್ಕುಸ್ ಯಾನ್ಸನ್ ಅವರ ನೇತೃತ್ವದಲ್ಲಿ ನಡೆದ ‘ಬೀಸ್ಟ್’ ಎಂಬ ಸಮೀಕ್ಷೆ ಈ ದಾರಿಯನ್ನು ಹಿಡಿದು, ವೃಶ್ಚಿಕ-ಕಿನ್ನರ ಬಳಗದ 85 ಬಿ ವರ್ಗದ ತಾರೆಗಳನ್ನು ಆರಿಸಿಕೊಂಡಿತು. ಚಿಲಿ ದೇಶದ ಪರನಾಲ್ ಬೆಟ್ಟದ ಮೇಲಿರುವ, 8.2 ಮೀಟರ್ ಕನ್ನಡಿಯ ದೂರದರ್ಶಕಕ್ಕೆ ಜೋಡಿಸಿರುವ ‘ಸ್ಫಿಯರ್’ ಉಪಕರಣ ಇದರ ಆಯುಧ. ಅದು ಮೊದಲು, ವಾಯುಮಂಡಲದ ಕದಲಿಕೆಯಿಂದ ಬೆಳಕಿನಲ್ಲಿ ಉಂಟಾಗುವ ವಿಕಾರವನ್ನು ಕ್ಷಣಕ್ಷಣಕ್ಕೂ ಆಕಾರ ಬದಲಿಸುವ ಕನ್ನಡಿಯಿಂದ ಸರಿಪಡಿಸುತ್ತದೆ. ಆಮೇಲೆ ಕರೋನಾಗ್ರಾಫ್ ಎಂಬ ತಡೆಯಿಂದ ನಕ್ಷತ್ರದ ಬಿಂಬವನ್ನು ಮುಚ್ಚುತ್ತದೆ. ಇಷ್ಟಾದ ಮೇಲೂ ಉಳಿಯುವ ಹುಸಿ ಚುಕ್ಕೆಗಳು ಉಪಕರಣದಲ್ಲೇ ಹುಟ್ಟಿದವಾದ್ದರಿಂದ ಅವು ನಿಂತಲ್ಲೇ ನಿಂತಿರುತ್ತವೆ, ಆದರೆ ನಿಜವಾದ ಆಕಾಶಕಾಯ ಭೂಮಿಯ ತಿರುಗುವಿಕೆಗೆ ಅನುಗುಣವಾಗಿ ಚಿತ್ರದಲ್ಲಿ ನಿಧಾನವಾಗಿ ಸುತ್ತುತ್ತದೆ. ಈ ವ್ಯತ್ಯಾಸವನ್ನು ಗಣಕದಲ್ಲಿ ಬೇರ್ಪಡಿಸಿದಾಗ ಉಳಿಯುವ ಚುಕ್ಕೆಯೇ ಅಭ್ಯರ್ಥಿ.

ಅಭ್ಯರ್ಥಿ ಮಾತ್ರ, ಏಕೆಂದರೆ ಈ ಶೋಧದ ಅಸಲು ಕಷ್ಟ ಇಲ್ಲಿಂದ ಮುಂದಕ್ಕಿದೆ. ವೃಶ್ಚಿಕ-ಕಿನ್ನರ ಬಳಗ ಆಕಾಶಗಂಗೆಯ ದಟ್ಟ ಭಾಗದ ಪಕ್ಕದಲ್ಲೇ ಇರುವುದರಿಂದ, ಯಾವ ನಕ್ಷತ್ರದ ಬಳಿ ನೋಡಿದರೂ ಅದರ ಹಿಂದೆ ಸಾವಿರಾರು ಜ್ಯೋತಿರ್ವರ್ಷ ದೂರದಲ್ಲಿರುವ ಮಂಕು ತಾರೆಗಳು ಗ್ರಹದ ವೇಷದಲ್ಲಿ ಕಾಣಿಸಿಕೊಳ್ಳುತ್ತವೆ. ಹತ್ತಿರದ ನಕ್ಷತ್ರ ಆಕಾಶದಲ್ಲಿ ವರ್ಷವರ್ಷಕ್ಕೂ ತುಸು ಸರಿಯುತ್ತದೆ. ಅದರ ಜೊತೆಯಲ್ಲೇ ಸರಿದದ್ದು ಒಡನಾಡಿ, ಹಿಂದೆ ಉಳಿದದ್ದು ಬರಿಯ ದೂರದ ತಾರೆ. ಇದನ್ನು ತೀರ್ಮಾನಿಸಲು ವರ್ಷಗಳ ಅಂತರದಲ್ಲಿ ತೆಗೆದ ಎರಡನೆಯ ಚಿತ್ರ ಬೇಕೇ ಬೇಕು. ಮೊದಲ ಚಿತ್ರದ ಸುದ್ದಿಗೆ ಹಿಗ್ಗುವ ಪತ್ರಿಕೆಗಳಿಗಿಂತ ಎರಡನೆಯ ಚಿತ್ರಕ್ಕೆ ಕಾಯುವ ಶೋಧಕರ ತಾಳ್ಮೆಯಲ್ಲೇ ಈ ಕಸುಬಿನ ನಿಜವಾದ ರುಚಿ ಇದೆ. 2021ರ ಡಿಸೆಂಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ‘ಬಿ ಸೆಂಟಾರಿ’ಯ ಗ್ರಹದ ವಿಷಯದಲ್ಲಿ ಒಂದು ಅದೃಷ್ಟವೂ ಸೇರಿಕೊಂಡಿತು: ಅದೇ ಚುಕ್ಕೆ ಇಪ್ಪತ್ತು ವರ್ಷಗಳ ಹಿಂದೆಯೇ 3.6 ಮೀಟರಿನ ಇನ್ನೊಂದು ದೂರದರ್ಶಕದ ಚಿತ್ರದಲ್ಲಿ ಬಿದ್ದಿತ್ತು, ಆದರೆ ಅದು ಗ್ರಹವೆಂದು ಆಗ ಯಾರಿಗೂ ಹೊಳೆದಿರಲಿಲ್ಲ.

ಬಿ ಸೆಂಟಾರಿ ನಮ್ಮಿಂದ ಸುಮಾರು 325 ಜ್ಯೋತಿರ್ವರ್ಷ ದೂರದಲ್ಲಿದೆ. ಅದು ಎರಡು ತಾರೆಗಳ ಜೋಡಿ, ಒಟ್ಟು ತೂಕ ಸೂರ್ಯನ ಕನಿಷ್ಠ ಆರು ಪಟ್ಟು. ಗುರುವಿನ ಸುಮಾರು 11 ಪಟ್ಟು ತೂಗುವ ಅದರ ಗ್ರಹ, ಸೂರ್ಯನಿಂದ ಗುರು ಇರುವ ದೂರದ ನೂರು ಪಟ್ಟು ಆಚೆ ಸುತ್ತುತ್ತಿದೆ. ಸೂರ್ಯನ ಮೂರು ಪಟ್ಟಿಗಿಂತ ಭಾರವಾದ ನಕ್ಷತ್ರದ ಬಳಿ ಗ್ರಹವೊಂದು ಖಚಿತವಾಗಿ ಕಂಡದ್ದು ಅದೇ ಮೊದಲು. ಮರುವರ್ಷ ವಿಟೊ ಸ್ಕ್ವಿಚ್ಚಾರಿನಿ ಮತ್ತು ಸಂಗಡಿಗರು ಸೂರ್ಯನ ಒಂಬತ್ತು ಪಟ್ಟು ತೂಕದ ‘ಮ್ಯೂ-2 ಸ್ಕಾರ್ಪಿಯೈ’ ಬಳಿ, ಗುರುವಿನ ಸುಮಾರು 14 ಪಟ್ಟು ತೂಗುವ ಒಡನಾಡಿಯನ್ನೂ, ಅದಕ್ಕಿಂತ ಬಹಳ ಒಳಗೆ ಇನ್ನೂ ಭಾರವಾದ ಎರಡನೆಯ ಅಭ್ಯರ್ಥಿಯನ್ನೂ ವರದಿ ಮಾಡಿದರು.

ಹದಿನಾಲ್ಕು ಪಟ್ಟು ಎಂದ ಕೂಡಲೇ ಒಂದು ತಕರಾರು ಏಳುತ್ತದೆ. ಗುರುವಿನ 13 ಪಟ್ಟು ತೂಕವನ್ನು ಮೀರಿದ ಕಾಯದ ಒಡಲಿನಲ್ಲಿ ಡ್ಯುಟೀರಿಯಂ ಎಂಬ ಭಾರ ಜಲಜನಕ ಬೆಸೆದು ಉರಿಯತೊಡಗುತ್ತದೆ; ಸುಮಾರು 75ರಿಂದ 80 ಪಟ್ಟು ಮೀರಿದರೆ ಸಾಮಾನ್ಯ ಜಲಜನಕವೇ ಉರಿದು ಅದು ನಕ್ಷತ್ರವಾಗುತ್ತದೆ. ನಡುವಿನವು ಕಂದು ಕುಬ್ಜಗಳು: ನಕ್ಷತ್ರವಾಗಲು ಹೊರಟು ತೂಕ ಸಾಲದೆ ನಿಂತವು. ಇಂಥವು ಇರಲೇಬೇಕೆಂದು 1960ರ ದಶಕದ ಆರಂಭದಲ್ಲೇ ಲೆಕ್ಕ ಹಾಕಿ ತೋರಿಸಿದವರು ಭಾರತ ಮೂಲದ ಶಿವ್ ಕುಮಾರ್. ಈಗಿನ ಹೆಸರನ್ನು 1975ರಲ್ಲಿ ಕೊಟ್ಟವರು ಜಿಲ್ ಟಾರ್ಟರ್. ಕಣ್ಣಾರೆ ಕಾಣಲು 1995ರ ತನಕ ಕಾಯಬೇಕಾಯಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಸುಜನ್ ಸೇನ್‌ಗುಪ್ತ ಮತ್ತು ವಿನೋದ್ ಕೃಷನ್ ಅವರು ಕಂದು ಕುಬ್ಜಗಳ ವಾತಾವರಣದಲ್ಲಿರುವ ದೂಳಿನ ಮೋಡಗಳನ್ನು ಅವುಗಳ ಬೆಳಕಿನ ಧ್ರುವೀಕರಣದಿಂದ ಪತ್ತೆಹಚ್ಚಬಹುದೆಂದು 2001ರಲ್ಲಿ ತೋರಿಸಿದ್ದು ಈ ಕ್ಷೇತ್ರದಲ್ಲಿ ಕರ್ನಾಟಕದಿಂದ ಸಂದ ಗಣ್ಯ ಕೊಡುಗೆ.

ಹದಿಮೂರರ ಗೆರೆಯನ್ನು ಕಟ್ಟುನಿಟ್ಟಾಗಿ ಹಿಡಿದರೆ ಬಿ ಸೆಂಟಾರಿಯದ್ದು ಗ್ರಹ, ಮ್ಯೂ-2 ಸ್ಕಾರ್ಪಿಯೈ ಬಳಿಯದ್ದು ಕಂದು ಕುಬ್ಜ. ಈ ವಿಂಗಡಣೆ ಸೊರಗಿದ್ದು. ಭಾರವಾದ ನಕ್ಷತ್ರದ ಸುತ್ತಲಿನ ತಟ್ಟೆಯೂ ಭಾರವಾಗಿರುತ್ತದೆ, ಅದರಲ್ಲಿ ಹುಟ್ಟುವ ಗ್ರಹವೂ ಆ ಪ್ರಮಾಣಕ್ಕೆ ತಕ್ಕಂತೆ ದೊಡ್ಡದಾಗಿರುವುದು ಸಹಜ. ಹಾಗಿರುವಾಗ ಒಡನಾಡಿಯ ತೂಕವನ್ನು ಒಂಟಿಯಾಗಿ ತೂಗದೆ, ಅದರ ಸೂರ್ಯನ ತೂಕದೊಂದಿಗೆ ಹೋಲಿಸಿ ಅಳೆಯುವುದೇ ನ್ಯಾಯ. ಗುರುವಿನ ತೂಕ ಸೂರ್ಯನ ಸಾವಿರದಲ್ಲಿ ಒಂದು ಪಾಲು. ಬಿ ಸೆಂಟಾರಿ ಮತ್ತು ಮ್ಯೂ-2 ಸ್ಕಾರ್ಪಿಯೈ ಎರಡರಲ್ಲೂ ಈ ಅನುಪಾತ ಸಾವಿರಕ್ಕೆ ಒಂದರಿಂದ ಎರಡರ ಒಳಗೇ ಬರುತ್ತದೆ. ಅಷ್ಟೇ ಅಲ್ಲ, ಮ್ಯೂ-2 ಸ್ಕಾರ್ಪಿಯೈಯ ಹೊರಗಿನ ಒಡನಾಡಿ ತನ್ನ ನಕ್ಷತ್ರದಿಂದ, ಭೂಮಿ-ಸೂರ್ಯರ ದೂರದ 290 ಪಟ್ಟು ಆಚೆ ಇದ್ದರೂ, ಅದಕ್ಕೆ ಸಿಗುವ ಬೆಳಕು ಹೆಚ್ಚುಕಡಿಮೆ ನಮ್ಮ ಗುರುವಿಗೆ ಸಿಗುವಷ್ಟೇ. ಒಳಗಿನ ಅಭ್ಯರ್ಥಿಗೆ ಸಿಗುವುದು ಬುಧನಿಗೆ ಸಿಗುವಷ್ಟು. ಇವುಗಳನ್ನು ತಮ್ಮ ತಮ್ಮ ಸೂರ್ಯರ ಗುರುಗಳೆಂದು ಕಾಣುವುದರಲ್ಲಿ ಹೆಚ್ಚು ಅರ್ಥವಿದೆ. ಆದರೆ ಅಷ್ಟು ದೂರದಲ್ಲಿ, ಅಷ್ಟು ಬೇಗ ಅವು ಹೇಗೆ ಕಟ್ಟಿಕೊಂಡವು ಎಂಬುದು ಇತ್ಯರ್ಥವಾಗಿಲ್ಲ: ಕಲ್ಲಿನ ತಿರುಳಿನ ಮೇಲೆ ಅನಿಲ ಮೆಲ್ಲಗೆ ಕೂಡಿಕೊಂಡಿತೆನ್ನಲು ಕಾಲ ಸಾಲದು, ತಟ್ಟೆಯೇ ಒಡೆದು ಗಂಟುಕಟ್ಟಿತೆನ್ನಲು ಆ ಗಂಟು ಇನ್ನೂ ದೊಡ್ಡದಾಗಿರಬೇಕಿತ್ತು, ಬೇರೆ ನಕ್ಷತ್ರದ ಗ್ರಹವನ್ನು ಈ ದೈತ್ಯ ಸೆಳೆದುಕೊಂಡಿತೆಂಬ ಮೂರನೆಯ ವಾದವೂ ಕಣದಲ್ಲಿದೆ.

ಅದೇ ಬಳಗದ ‘ಹಿಪ್ 81208’ ಎಂಬ ತಾರೆ 2023ರಲ್ಲಿ ವಿಷಯವನ್ನು ಇನ್ನಷ್ಟು ಗೋಜಲಾಗಿಸಿತು. ಅದರ ಒಡನಾಡಿಗಳಲ್ಲಿ ಒಂದು, ಗುರುವಿನ 67 ಪಟ್ಟು ತೂಕದ ಅಪ್ಪಟ ಕಂದು ಕುಬ್ಜ. ಇನ್ನೊಂದು ಚಿಕ್ಕ ನಕ್ಷತ್ರ. ಆ ಚಿಕ್ಕ ನಕ್ಷತ್ರಕ್ಕೂ ಗುರುವಿನ ಸುಮಾರು 15 ಪಟ್ಟು ತೂಗುವ ತನ್ನದೇ ಒಡನಾಡಿಯಿದೆ. ಭಾರತದ ಶೋಧಕರು ಇದೇ ಗಡಿಯನ್ನು ಬೇರೆ ದಾರಿಯಿಂದ ಮುಟ್ಟಿದ್ದಾರೆ: ಅಹಮದಾಬಾದಿನ ಭೌತ ಸಂಶೋಧನ ಪ್ರಯೋಗಾಲಯದವರು ಅಬು ಪರ್ವತದಲ್ಲಿರುವ ತಮ್ಮ ‘ಪಾರಸ್’ ರೋಹಿತಮಾಪಕದಿಂದ ಅದೇ ವರ್ಷ ಕಂಡುಹಿಡಿದ ‘ಟಿಒಐ-4603ಬಿ’ ಗುರುವಿನ 12.9 ಪಟ್ಟು ತೂಗಿದರೂ ಗಾತ್ರದಲ್ಲಿ ಗುರುವಿನಷ್ಟೇ ಇದೆ, ಸಾಂದ್ರತೆಯಲ್ಲಿ ಸೀಸವನ್ನೂ ಮೀರಿಸುತ್ತದೆ. ಅದರ ನಕ್ಷತ್ರ ಸೂರ್ಯನ 1.76 ಪಟ್ಟು ತೂಕದ್ದು.

ಈ ಗ್ರಹಗಳು ಬರಿಗಣ್ಣಿಗೂ ಹವ್ಯಾಸಿಗಳ ದೂರದರ್ಶಕಕ್ಕೂ ಸಿಗುವಂಥವಲ್ಲ, ಆದರೆ ಅವುಗಳ ಸೂರ್ಯರಲ್ಲಿ ಬಿ ಸೆಂಟಾರಿ, ಮ್ಯೂ-2 ಸ್ಕಾರ್ಪಿಯೈ ಎರಡೂ ಬರಿಗಣ್ಣಿಗೇ ಸಿಗುತ್ತವೆ. ಸ್ಟಾಕ್‌ಹೋಮಿನ ದಿಗಂತದ ಮೇಲೆ ಆ ಎರಡೂ ತಾರೆಗಳು ವರ್ಷದ ಯಾವ ರಾತ್ರಿಯೂ ಏರುವುದಿಲ್ಲ. ಮೊದಲಿಗೆ ಹೇಳಿದ ಆ ನಾಲ್ಕು ತಾಲ್ಲೂಕುಗಳಲ್ಲಿ ಅವು ದಕ್ಷಿಣದಲ್ಲಿ ಸುಮಾರು 35 ಡಿಗ್ರಿ ಎತ್ತರಕ್ಕೆ ಬರುತ್ತವೆ, ಎರೆಹೊಲಗಳ ಬಯಲಿನಲ್ಲಿ ಗುಡ್ಡದ ಅಡ್ಡಿಯೂ ಇಲ್ಲ. ಮೇ ಕೊನೆಯಲ್ಲಿ ರಾತ್ರಿ ಹತ್ತೂವರೆಯ ಸುಮಾರಿಗೆ ಬಿ ಸೆಂಟಾರಿ ನೆತ್ತಿರೇಖೆಗೆ ಬರುತ್ತದಾದರೂ ಆ ದಿನಗಳಲ್ಲಿ ದೂಳೂ ಗುಡುಗಿನ ಮೋಡಗಳೂ ಕಾಟ ಕೊಡುತ್ತವೆ. ಅದಕ್ಕಿಂತ ಒಳ್ಳೆಯ ಅವಕಾಶ ಮಹಾಶಿವರಾತ್ರಿಯದ್ದು. ಅದು ಅಮಾವಾಸ್ಯೆಯ ಹಿಂದಿನ ರಾತ್ರಿಯಾದ್ದರಿಂದ ಚಂದ್ರನ ಬೆಳಕಿಲ್ಲ, ಆಕಾಶ ಒಣಗಿ ತಿಳಿಯಾಗಿರುತ್ತದೆ, ಹೇಗೂ ಜನ ಜಾಗರಣೆಯಲ್ಲಿರುತ್ತಾರೆ. ನಸುಕಿನ ನಾಲ್ಕರಿಂದ ಐದರ ನಡುವೆ ಬಿ ಸೆಂಟಾರಿ ದಕ್ಷಿಣದಲ್ಲಿ ತನ್ನ ಗರಿಷ್ಠ ಎತ್ತರದ ಆಸುಪಾಸಿನಲ್ಲಿರುತ್ತದೆ. ಕಿನ್ನರ ರಾಶಿಯ ಕಿತ್ತಳೆ ಬಣ್ಣದ ಮೆಂಕೆಂಟ್ ತಾರೆಯಿಂದ ಪೂರ್ವಕ್ಕೆ ಏಳು ಡಿಗ್ರಿಯಷ್ಟು ಸರಿದು, ತುಸು ದಕ್ಷಿಣಕ್ಕೆ ಹುಡುಕಬೇಕು. ಅದೇ ಹೊತ್ತಿಗೆ ಆಗ್ನೇಯದಲ್ಲಿ ವೃಶ್ಚಿಕ ಎದ್ದಿರುತ್ತದೆ. ಜ್ಯೇಷ್ಠಾದಿಂದ ಬಾಲದತ್ತ ಇಳಿಯುವಾಗ ಸಿಗುವ ಅಂಟಿಕೊಂಡಂಥ ಜೋಡಿಯಲ್ಲಿ ಮಂಕಾದದ್ದು ಮ್ಯೂ-2 ಸ್ಕಾರ್ಪಿಯೈ. ಮದುವೆಯಲ್ಲಿ ತೋರಿಸುವ ಅರುಂಧತಿ-ವಸಿಷ್ಠರ ನಡುವಿನ ಅಂತರದ ಅರ್ಧದಷ್ಟು ಮಾತ್ರ ಈ ಜೋಡಿಯ ಅಂತರ, ಆದ್ದರಿಂದ ಅದನ್ನು ಬರಿಗಣ್ಣಿನಿಂದ ಎರಡಾಗಿ ಬಿಡಿಸಲು ಚುರುಕು ದೃಷ್ಟಿ ಬೇಕು, ಸಾಧಾರಣ ಬೈನಾಕ್ಯುಲರಿಗೆ ಅದು ಸಲೀಸು. ಬಸವನ ಬಾಗೇವಾಡಿಯ ಕಡೆಯವರು ಕೂಡಗಿಯ ವಿದ್ಯುತ್ ಸ್ಥಾವರದ ದೀಪಗಳು ತಮ್ಮ ದಕ್ಷಿಣ ದಿಕ್ಕಿಗೆ ಬಾರದಂಥ ಜಾಗವನ್ನು ಆರಿಸಿಕೊಳ್ಳುವುದು ಒಳಿತು.