‘ಮಹತ್ವ ಇಲ್ಲದ ಪ್ರಾಣಿ’ಯ ಕಲ್ಲಿನ ಕೆಲಸ

ಬೆಂಗಳೂರಿನ ಐಟಿ ಹುಡುಗರ ರೂಮಿನಾಗ ಬೇರೆ ಯಾವ ಪುಸ್ತಕ ಇಲ್ಲದಿದ್ರೂ ಯುವಾಲ್ ನೋವಾ ಹರಾರಿಯ ‘ಸೇಪಿಯನ್ಸ್’ ಇರ್ತದ. ಇರಲಿ, ಒಳ್ಳೇದೇ. ಮನುಷ್ಯನ ಕಥೆಯನ್ನು ಇಷ್ಟು ಸಲೀಸಾಗಿ ಹೇಳಿದ ಪುಸ್ತಕಗಳು ಕಡಿಮೆ. ಹಣ, ದೇಶ, ಕಂಪನಿ ಎಲ್ಲವೂ ನಾವು ಸೇರಿ ನಂಬಿದ ಕಥೆಗಳು ಅನ್ನೋ ವಾದವಂತೂ ಅಪ್ರೈಸಲ್ ದಿನ ನೆನಪಾಗಿ ನಗು ತರಿಸ್ತದ.

ನನ್ನ ತಕರಾರು ಶುರುವಿನ ಪುಟಗಳ ಮ್ಯಾಲ. ಮೊದಲ ಅಧ್ಯಾಯಕ್ಕೇ ‘ಮಹತ್ವ ಇಲ್ಲದ ಪ್ರಾಣಿ’ ಅನ್ನೋ ಅರ್ಥದ ಹೆಸರು. ಸುಮಾರು 70,000 ವರ್ಷಗಳ ಹಿಂದೆ ಬುದ್ಧಿಯ ಕ್ರಾಂತಿ ಆಯ್ತು, ಇತಿಹಾಸ ಅಲ್ಲಿಂದ ಶುರು. ಅದಕ್ಕೂ ಮೊದಲಿದ್ದ ಹೋಮೋ ಎರೆಕ್ಟಸ್‌ನ ಕಲ್ಲಿನ ಹತ್ಯಾರಗಳು ಹತ್ತಿರ ಹತ್ತಿರ 20 ಲಕ್ಷ ವರ್ಷ ಹೆಚ್ಚುಕಡಿಮೆ ಹಾಗೇ ಇದ್ದವು ಅಂದು ಹರಾರಿ ಮುಂದೆ ಸಾಗ್ತಾರ.

ಈ ಮಾತನ್ನು ನಮ್ಮ ಭಾಗದಲ್ಲೇ ಒರೆಗೆ ಹಚ್ಚಬಹುದು. ನಮ್ಮೂರು ಮೆಹಕರ ಇರೋ ಬೀದರ ಜಿಲ್ಲೆಯಿಂದ ದಕ್ಷಿಣಕ್ಕೆ ಇಳಿದ್ರ ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆ ಸಿಗ್ತದ. ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯ ದಶಕಗಟ್ಟಲೆ ಅಲ್ಲಿ ತಿರುಗಿ, ಹಳೆ ಶಿಲಾಯುಗದ ನೂರಕ್ಕೂ ಹೆಚ್ಚು ನೆಲೆ ಗುರುತಿಸಿದರು. ಅವುಗಳಲ್ಲಿ ಇಸಾಂಪುರದ್ದು ಸುಣ್ಣಕಲ್ಲಿನ ಗಣಿ ಮತ್ತು ಕಾರ್ಖಾನೆ ಎರಡೂ. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲಿನ ಪಳೆಯುಳಿಕೆ ಪರೀಕ್ಷಿಸಿ ಬಂದ ಕಾಲ ಸುಮಾರು 12 ಲಕ್ಷ ವರ್ಷ.

ಅಲ್ಲಿನ ಕೆಲಸ ನೋಡ್ರಿ. ಕೈಗೊಡಲಿಗೆ ತಕ್ಕ ದಪ್ಪದ ಹಾಸುಗಲ್ಲು ಆರಿಸಿದ್ದಾರ. ಅಗಲ ಬಾಯಿಯ ಹತ್ಯಾರಕ್ಕೆ ದೊಡ್ಡ ಕಲ್ಲಿನಿಂದ ಚಕ್ಕೆ ಎಬ್ಬಿಸಿದ್ದಾರ. ಬಡಿಯಲಿಕ್ಕೆ ಬೇರೆ ಗಟ್ಟಿ ಕಲ್ಲು. ಹೊಡೆಯೋ ಮೊದಲೇ ಏನು ಬೇಕು ಅನ್ನೋದು ತಲೆಯಲ್ಲಿ ಇತ್ತು ಅಂತಾಯ್ತು. ಊರಾಗ ಬೀಸೋ ಕಲ್ಲಿಗೆ ಉಳಿ ಹೊಡೆಯೋರೂ ಮೊದಲು ಕಲ್ಲಿನ ಗುಣ ನೋಡೇ ಕೈ ಹಚ್ತಿದ್ರು. ಈ ವಿದ್ಯೆ ಒಬ್ಬರನ್ನ ನೋಡಿ ಇನ್ನೊಬ್ಬರು ಕಲಿಯಬೇಕು.

ಇಸಾಂಪುರದಲ್ಲಿ ಮನುಷ್ಯರ ಎಲುಬು ಸಿಕ್ಕಿಲ್ಲ, ಖರೆ. ಅವರು ಕಥೆ ಹೇಳ್ತಿದ್ರು ಅಂತ ನಾನೂ ವಾದಿಸೋದಿಲ್ಲ. ಆದ್ರ ಆಕಾರ ಬದಲಾಗಲಿಲ್ಲ ಅಂದ ಮಾತ್ರಕ್ಕೆ ತಲೆ ಓಡಲಿಲ್ಲ ಅನ್ನೋದು ತಪ್ಪು. ಬ್ಯಾಂಕುಗಳಲ್ಲಿ ದಶಕಗಳಿಂದ ಬದಲಾಗದ ಕೋಬಾಲ್ ಕೋಡ್ ಇವತ್ತಿಗೂ ಓಡ್ತದ. ಬರೆದವರನ್ನ ಯಾರೂ ದಡ್ಡರು ಅನ್ನೋದಿಲ್ಲ.

‘ಹಿಂದುಳಿದ ಭಾಗ’ ಅನ್ನಿಸಿಕೊಂಡೇ ಬೆಳೆದವರಿಗೆ ಈ ಧಾಟಿ ಗೊತ್ತು: ದೂರ ನಿಂತು ನೋಡಿದವರಿಗೆ ಏನೂ ಕಾಣೋದಿಲ್ಲ, ಹಾಗಾಗಿ ಅಲ್ಲಿ ಏನೂ ಇಲ್ಲ. ‘ಸೇಪಿಯನ್ಸ್’ ಅಗತ್ಯ ಓದ್ರಿ. ಮೊದಲ ಅಧ್ಯಾಯದ ಹೆಸರನ್ನ ಮಾತ್ರ ಇಸಾಂಪುರದ ಕಲ್ಲುಗಳ ಪಕ್ಕ ಇಟ್ಟು ಓದ್ರಿ.